ಬೋರಲು ಹಾಕಿದ ಗಡಿಗೆಗಳು

"ಗುರುಗಳೇ, ಮುಪ್ಪು ಏಕೆ ಬರಬೇಕು?"

ಕೇಳಿದವಳು ನೀಲಗಂಗಾ. ನಗರದ ಕಾಲೇಜಿನಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಜೆ ಸಿಕ್ಕಾಗಲೆಲ್ಲ ಗುಡ್ಡದ ಮೇಲಿನ ಮಠಕ್ಕೆ ಬಂದು, ಓದಿದ್ದನ್ನೆಲ್ಲ ಗುರುಗಳಿಗೆ ಒಪ್ಪಿಸಿ, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೊಳೆಯದೆ ಒದ್ದಾಡಿ ಹೋಗುತ್ತಿದ್ದಳು. ಆ ಸಲ ಅವಳು ಬಂದಾಗ ಗುರುಗಳು ಮೆಟ್ಟಿಲುಗಳ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ತಂದೆಯಿಲ್ಲದ ಅವಳನ್ನು ಓದಿಸಿದವರು ಅವರೇ. ಅವರನ್ನು ಹಾಗೆ ನೋಡಿ ಅವಳಿಗೆ ದುಃಖವೂ ಆಯಿತು, ಸಿಟ್ಟೂ ಬಂತು.

"ಒಂದು ಕೋಶ ಎರಡಾಗುವಾಗಲೆಲ್ಲ ಅದರ ವರ್ಣತಂತುಗಳ ತುದಿ ಸ್ವಲ್ಪ ಸ್ವಲ್ಪ ಸವೆಯುತ್ತದೆ," ಎಂದಳು. "ತೀರ ಸವೆದ ಮೇಲೆ ಕೋಶ ಮತ್ತೆ ಎರಡಾಗುವುದಿಲ್ಲ. ಅದಕ್ಕೆ ಮುಪ್ಪು ಬಂತು ಎಂದು ಅರ್ಥ. ಇಲಿಯ ಮೈಯಲ್ಲಿ ಸವೆದ ತುದಿಯನ್ನು ಮತ್ತೆ ಬೆಳೆಸುವ ಸಾಧನ ಕೆಲಸ ಮಾಡುತ್ತಲೇ ಇರುತ್ತದೆ. ಆನೆಯಲ್ಲಿ, ಮನುಷ್ಯನಲ್ಲಿ, ಹುಟ್ಟುವ ಹೊತ್ತಿಗೆ ಬಹುಪಾಲು ಕೋಶಗಳಲ್ಲಿ ಅದಕ್ಕೆ ಬೀಗ ಬಿದ್ದಿರುತ್ತದೆ. ಯಃಕಶ್ಚಿತ್ ಇಲಿಗೆ ಕೊಟ್ಟದ್ದನ್ನು ಸೃಷ್ಟಿ ನಮ್ಮಿಂದ ಏಕೆ ಕಸಿದುಕೊಂಡಿತು? ನಾನು ಆ ಬೀಗ ತೆಗೆಯುವ ಔಷಧಿ ಕಂಡುಹಿಡಿಯುತ್ತೇನೆ. ಮೊದಲು ನಿಮಗೇ ಕೊಡುತ್ತೇನೆ."

"ನಿನ್ನ ಇಲಿ ಎಷ್ಟು ವರ್ಷ ಬದುಕುತ್ತದೆ?" ಗುರುಗಳು ಕೇಳಿದರು.

"ಎರಡೋ ಮೂರೋ ವರ್ಷ. ಬೆಕ್ಕಿನ ಭಯವಿಲ್ಲದ ಪಂಜರದಲ್ಲಿ ಸಾಕಿದರೂ ಅಷ್ಟೇ. ಅವುಗಳಲ್ಲಿ ಬಹಳಷ್ಟಕ್ಕೆ ಕ್ಯಾನ್ಸರ್ ಬರುತ್ತದೆ."

"ಆನೆ?"

"ಅರವತ್ತು, ಎಪ್ಪತ್ತು. ಅದರ ಮೈಯಲ್ಲಿ ಇಲಿಗಿಂತ ಲಕ್ಷಪಟ್ಟು ಹೆಚ್ಚು ಕೋಶಗಳಿವೆ. ಆದರೂ ಅದಕ್ಕೆ ಕ್ಯಾನ್ಸರ್ ಅಪರೂಪ."

ಗುರುಗಳು ನಕ್ಕರು. "ಉತ್ತರವನ್ನೆಲ್ಲ ನೀನೇ ಹೇಳಿ ನನ್ನ ತಲೆ ಏಕೆ ತಿನ್ನುತ್ತೀಯೆ?" ಎಂದು ಮಜ್ಜಿಗೆ ತರಿಸಿಕೊಂಡರು. ಕುಡಿದು ಮೀಸೆ ಒರೆಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಡಕ್ಕೆ ಅಂಟಿಕೊಂಡು ಒಂದು ಚಿಕ್ಕ ಮನೆ ಇತ್ತು. ಜನ ಅದನ್ನು ಹೊಳೆಮನೆ ಎನ್ನುತ್ತಿದ್ದರು. ಹೊಳೆ ತನಗೆ ಮನಸ್ಸು ಬಂದಾಗ ಬಂದು ಗೋಡೆ ಕೆಡವಿ ಹೋಗುತ್ತಿತ್ತು. ಕೈಗೆ ಸಿಕ್ಕವರನ್ನೂ ಒಯ್ಯುತ್ತಿತ್ತು. ಉಳಿದವರು ಮತ್ತೆ ಗುಡಿಸಲು ಎಬ್ಬಿಸುತ್ತಿದ್ದರು. ಅಂಥವರಿಗೆ ನಿಧಾನ ಎಲ್ಲಿಂದ ಬರಬೇಕು? ಬೇಗ ಬೆಳೆಯುತ್ತಿದ್ದರು, ಬೇಗ ಮದುವೆಯಾಗುತ್ತಿದ್ದರು, ಬೇಗ ಮಕ್ಕಳನ್ನು ಹೆರುತ್ತಿದ್ದರು. ಮೊಸರಿಗೆ ಅವರ ಮನೆಯಲ್ಲಿ ಒಂದೋ ಎರಡೋ ಗಡಿಗೆ. ಹಳತಾದರೂ ಅದೇ ಗಡಿಗೆ, ಕಮಟು ವಾಸನೆ ಬಂದರೂ ಅದೇ ಗಡಿಗೆ. ಅದು ಪೂರ್ತಿ ಕೆಡುವ ಮೊದಲೇ ಹೊಳೆ ಬಂದಿರುತ್ತಿತ್ತು. ಯಾವುದಾದರೂ ವರ್ಷ ಹೊಳೆ ಬರುವುದು ತಡವಾದರೆ ಮೊಸರೇ ಕೆಟ್ಟು, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು. ಹಾಗೆಂದು ಅವರನ್ನು ದಡ್ಡರು ಎನ್ನಬೇಡ. ನಾಳೆ ಕೊಚ್ಚಿಹೋಗುವ ಗಡಿಗೆಯನ್ನು ಇವತ್ತು ತಿಕ್ಕುತ್ತಾ ಕೂತರೆ ಮಕ್ಕಳಿಗೆ ಅಡುಗೆ ಮಾಡುವವರು ಯಾರು?

ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಇನ್ನೊಂದು ಮನೆ ಇತ್ತು. ದೊಡ್ಡಮನೆ. ಅಲ್ಲಿಗೆ ನೀರು ಏರುತ್ತಿರಲಿಲ್ಲ, ಕಳ್ಳರು ಬರುತ್ತಿರಲಿಲ್ಲ. ಮನೆ ತುಂಬ ಜನ. ಕೊನೆಯ ಪಂಕ್ತಿಯವರು ಉಂಡು ಏಳುವಷ್ಟರಲ್ಲಿ ಮೊದಲ ಪಂಕ್ತಿಯವರಿಗೆ ಮತ್ತೆ ಹಸಿವಾಗುತ್ತಿತ್ತು. ಅವರ ಮೊಸರಿನ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಗಡಿಗೆಗಳ ಸಾಲು. ಗಡಿಗೆ ಹೆಚ್ಚಾದಷ್ಟೂ ಯಾವುದಾದರೂ ಒಂದು ಕೆಡುವ ಸಂಭವವೂ ಹೆಚ್ಚು. ಒಂದು ಕೆಟ್ಟು ಅದರ ಹೆಪ್ಪು ಪಕ್ಕದ್ದಕ್ಕೆ ಬಿದ್ದರೆ ಎರಡು ಕೆಟ್ಟವು. ಲೆಕ್ಕಕ್ಕೆ ಕೂತರೆ ಆ ಮನೆಯಲ್ಲಿ ಒಂದು ದಿನವೂ ಒಳ್ಳೆಯ ಮೊಸರು ಇರಬಾರದಾಗಿತ್ತು. ಆದರೆ ಸುತ್ತಲ ಊರಿನವರು ದೊಡ್ಡಮನೆಯ ಮೊಸರೆಂದರೆ ಬಾಯಿ ಚಪ್ಪರಿಸುತ್ತಿದ್ದರು.

ಏಕೆಂದರೆ ಆ ಮನೆಯಲ್ಲಿ ಕಟ್ಟುನಿಟ್ಟಾದ ಪದ್ಧತಿಗಳಿದ್ದವು. ಹೊಸ ಗಡಿಗೆ ಒಳಗೆ ಬಂದ ದಿನ ಅದರ ಕೊರಳಿಗೆ ಸುಣ್ಣದ ಗೆರೆಗಳನ್ನು ಎಳೆಯುತ್ತಿದ್ದರು. ಆ ಗಡಿಗೆಯಿಂದ ಇನ್ನೊಂದಕ್ಕೆ ಹೆಪ್ಪು ತೆಗೆದಾಗಲೆಲ್ಲ ಹೆಬ್ಬೆರಳಿನಿಂದ ಒಂದು ಗೆರೆ ಒರೆಸುತ್ತಿದ್ದರು. ಗೆರೆಗಳು ಮುಗಿದವೋ, ಆ ಗಡಿಗೆಯಿಂದ ಮತ್ತೆ ಹೆಪ್ಪು ತೆಗೆಯುವಂತಿಲ್ಲ. ಮೊಸರು ಎಷ್ಟೇ ರುಚಿಯಾಗಿರಲಿ, ಅದನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಬೇಕು. ಇದು ಒಂದು ಪದ್ಧತಿ. ಇನ್ನೊಂದು, ಮೂಸುವುದು. ಬೆಳಿಗ್ಗೆ ಎದ್ದ ಕೂಡಲೇ ಮನೆಯ ಹೆಂಗಸರೆಲ್ಲ, ಅತ್ತೆಯಿಂದ ಹಿಡಿದು ಕಿರಿಯ ಸೊಸೆಯವರೆಗೆ, ಸಾಲಿನ ಪ್ರತಿ ಗಡಿಗೆಯನ್ನೂ ಮೂಸುತ್ತಿದ್ದರು. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳ ಮೂಗು ಇರುತ್ತಿತ್ತು. ಯಾವ ಮೂಗಿಗಾದರೂ ಅನುಮಾನ ಬಂದರೆ ವಾದವಿಲ್ಲ, ರಿಪೇರಿಯಿಲ್ಲ. ಗಡಿಗೆಯ ಸಮೇತ ತಿಪ್ಪೆಗೆ.

ಇಲ್ಲಿ ನೀಲಗಂಗಾ ತಡೆಯಲಾರದೆ ಹೇಳಿದಳು: "ಕೆಟ್ಟ ಕೋಶವನ್ನು ಮೂಸಿ ಕೊಲ್ಲುವ ಕಾವಲು ವಂಶವಾಹಿ ನಮ್ಮಲ್ಲಿ ಒಂದು ಜೊತೆ. ಆನೆಯಲ್ಲಿ ಅದರ ಪ್ರತಿಗಳು ಇಪ್ಪತ್ತರಷ್ಟಿವೆ, ಗುರುಗಳೇ!"

"ಆನೆಗೆ ಸೊಂಡಿಲು ಸುಮ್ಮನೆ ಕೊಟ್ಟಿದ್ದಾರೆಯೇ?" ಎಂದರು ಗುರುಗಳು. "ಕತೆ ಕೇಳು."

ಗುಡ್ಡದ ಬಂಡೆಯೊಳಗೆ ಮೂರನೆಯದೊಂದು ಮನೆ ಇತ್ತು, ಗವಿಮನೆ. ಹೊಳೆಮನೆಯಷ್ಟೇ ಚಿಕ್ಕದು. ಆದರೆ ಅಲ್ಲಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ, ಹೊರಗಿನವರ ಕಾಟವೂ ಇಲ್ಲ. ಮನೆ ಚಿಕ್ಕದಾದರೂ ಅವರ ಮುಂದೆ ಬಹಳ ಕಾಲವಿತ್ತು. ಗಡಿಗೆ ಕೆಟ್ಟರೆ ಅದನ್ನು ಒಯ್ಯಲು ಹೊಳೆ ಬರುವುದಿಲ್ಲ, ಅವರೇ ಅನುಭವಿಸಬೇಕು. ಹಾಗಾಗಿ ಅವರಲ್ಲೂ ಪದ್ಧತಿ ಬಂತು. ಆದರೆ ಸುಣ್ಣದ ಗೆರೆಯಲ್ಲ. ಒಂದು ಗಡಿಗೆ ಇನ್ನೊಂದಕ್ಕೆ ತಾಗಬಾರದು, ತಾಗಿತೋ ಅಲ್ಲಿಗೆ ಹಾಲು ಹಾಕುವುದನ್ನು ನಿಲ್ಲಿಸಬೇಕು. ಸಮುದ್ರದ ಕಡೆ ದೊಡ್ಡಮನೆಗಿಂತ ದೊಡ್ಡ ಮನೆಯೊಂದು ಇತ್ತಂತೆ. ಅವರು ಗಡಿಗೆ ಎಸೆಯುವುದಕ್ಕಿಂತ ಬಿರುಕು ಕಂಡ ಕೂಡಲೇ ಅರಗು ಹಚ್ಚಿ ಮುಚ್ಚುವುದರಲ್ಲಿ ನಿಪುಣರಂತೆ. ನಾನು ಅಲ್ಲಿ ಮಜ್ಜಿಗೆ ಕುಡಿದಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ.

"ಬೋಳು ಮೈಯ ಬಿಲದಿಲಿ, ಆಮೇಲೆ ತಿಮಿಂಗಿಲ," ಎಂದು ನೀಲಗಂಗಾ ತನ್ನಷ್ಟಕ್ಕೆ ಗೊಣಗಿದಳು. ಅವಳ ಮುಖದಲ್ಲಿ ಸಿಟ್ಟು ಇಳಿದು ಕುತೂಹಲ ಮೂಡಿತ್ತು. ಗುರುಗಳು ಅದನ್ನು ಕಂಡೂ ಕಾಣದವರಂತೆ ಮುಂದುವರಿಸಿದರು.

ಈ ಪದ್ಧತಿಗಳನ್ನು ಯಾರು ಕಲಿಸಿದರು ಎಂದು ನೀನು ಕೇಳಬಹುದು. ಯಾರೂ ಕಲಿಸಲಿಲ್ಲ. ಆ ಸೀಮೆಯಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ತವರಿನ ಹೆಪ್ಪನ್ನು ಒಂದು ಕುಡಿಕೆಯಲ್ಲಿ ಒಯ್ಯುತ್ತಿದ್ದರು. ಅದನ್ನು ಗಂಡನ ಮನೆಯ ಹಾಲಿಗೆ ಹಾಕಬೇಕು. ಮೊಸರು ಚೆನ್ನಾಗಿ ಹೆಪ್ಪುಗಟ್ಟಿದರೆ ಮನೆ ಅವಳನ್ನು ಒಪ್ಪಿಕೊಂಡಿತು ಎಂದು ಲೆಕ್ಕ. ಹೆಪ್ಪಿನ ಜೊತೆಗೆ ತಾಯಿಯ ಮನೆಯ ಅಭ್ಯಾಸಗಳೂ ಹೋಗುತ್ತಿದ್ದವು. ಎತ್ತರದ ಜಾಗದಲ್ಲಿ ಮನೆ ಕಟ್ಟಿ, ಗಡಿಗೆ ಹೆಚ್ಚಿಸಿ, ಯಾವ ಪದ್ಧತಿಯನ್ನೂ ಇಟ್ಟುಕೊಳ್ಳದವರು ಹಿಂದೆ ಎಷ್ಟೋ ಜನ ಇದ್ದರು. ಅವರ ಮೊಸರು ಹೆಣ್ಣುಮಕ್ಕಳ ಮದುವೆಗೆ ಮೊದಲೇ ಕೆಟ್ಟಿತು. ಹೆಪ್ಪಿಲ್ಲದ ಮನೆಯ ಹೆಣ್ಣನ್ನು ಯಾರೂ ತರಲಿಲ್ಲ. ಆ ಮನೆಗಳ ಹೆಸರೂ ಈಗ ಉಳಿದಿಲ್ಲ. ಉಳಿದವರೆಲ್ಲ ಗೆರೆ ಎಳೆದವರ, ಮೂಸಿದವರ ಹೆಣ್ಣುಮಕ್ಕಳೇ. ಏಕೆ ಎಳೆಯುತ್ತೇವೆ ಎಂಬುದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ದೊಡ್ಡಮನೆಯ ಕಿರಿಯ ಮಗನಿಗೆ ಹೊಳೆಮನೆಯ ಹುಡುಗಿಯನ್ನು ತಂದರು. ಹುಡುಗಿ ಚುರುಕು. ನಕ್ಕರೆ ಮೂರು ಮನೆಗೆ ಕೇಳಿಸುತ್ತಿತ್ತು. ಕೆಲಸದಲ್ಲಿ ಒಂದು ಕೈ ಮೇಲು. ಏನನ್ನೂ ದಂಡ ಮಾಡುವುದು ಅವಳಿಗೆ ಆಗುತ್ತಿರಲಿಲ್ಲ. ಬಂದ ಕೆಲವು ದಿನಕ್ಕೆ ಅತ್ತೆ ಒಂದು ಗಡಿಗೆಯನ್ನು ಹಿತ್ತಲಿಗೆ ಒಯ್ಯುವುದನ್ನು ಕಂಡು ಅಡ್ಡ ನಿಂತಳು.

"ಅತ್ತೀ, ಮೊಸರು ಕೊಯ್ದು ತಿನ್ನೂವಷ್ಟು ಗಟ್ಟಿ ಐತಿ. ಇಂಥಾ ಗಡಿಗಿ ಯಾಕ ಬೋರಲ ಹಾಕ್ತೀರಿ?"

"ಗೆರಿ ಮುಗದಾವು, ಅದಕ್ಕ."

"ಗೆರಿ ಮುಗದ್ರ ಏನಾಕ್ಕೈತಿ?"

"ಯಾರಿಗೆ ಗೊತ್ತವ್ವಾ! ನಮ್ಮತ್ತಿ ಹಾಕ್ತಿದ್ರು, ನಾ ಹಾಕ್ತೀನಿ, ನಾಳೆ ನೀ ಹಾಕ್ತಿ."

ಸೊಸೆಗೆ ಇದು ಒಪ್ಪಿಗೆಯಾಗಲಿಲ್ಲ. ಅವಳ ಕಡೆಯೂ ನ್ಯಾಯವಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ತಲೆಮಾರುಗಳಿಂದ ಬೋರಲು ಹಾಕಿದ ಗಡಿಗೆಗಳು ಬಿದ್ದಿದ್ದವು. ಗೋಡೆ ಕುಸಿದ ಕಡೆ ಒಂದಷ್ಟು ಗಡಿಗೆಗಳು ಮಣ್ಣು ಜಾರದಂತೆ ತಡೆದಿದ್ದವು, ಅವುಗಳಿಂದ ಉಪಕಾರವೇ ಆಗಿತ್ತು. ಮಿಕ್ಕವು ಉರುಳಿ, ಬಾಯಿ ಮೇಲಾಗಿ, ಮಳೆನೀರು ತುಂಬಿಕೊಂಡು ಸೊಳ್ಳೆ ಸಾಕುತ್ತಿದ್ದವು. ಮನೆಯಲ್ಲಿ ಯಾರಿಗಾದರೂ ಜ್ವರ ಇದ್ದೇ ಇರುತ್ತಿತ್ತು. ಅತ್ತೆ ಅದೇ ಗಡಿಗೆಗಳನ್ನು ಎಡವಿ ಮೊಣಕಾಲು ಊದಿಸಿಕೊಂಡಿದ್ದಳು. ಆ ಹಿತ್ತಲನ್ನು ಯಾರೂ ಏಕೆ ಹಸನು ಮಾಡಿರಲಿಲ್ಲ? ಮಗಳ ಮದುವೆಯವರೆಗೆ ಹೆಪ್ಪು ಚೆನ್ನಾಗಿದ್ದರೆ ಎಲ್ಲರಿಗೂ ಸಾಕಾಗಿತ್ತು. ಮಗಳು ಗಂಡನ ಮನೆಗೆ ಹೋದ ಮೇಲೆ ತವರಿನ ಹಿತ್ತಲು ಏನಾದರೆ ಬಂದ ನೆಂಟರಿಗೇನು?

ಆ ವರ್ಷ ಅತ್ತೆಯ ಕೊನೆಯ ಮಗಳ ಮದುವೆ ಗೊತ್ತಾಯಿತು. ಗಂಡಿನ ತಾಯಿ ಖಡಕ್ ಹೆಂಗಸು. "ದೊಡ್ಡಮನಿ ಹೆಪ್ಪು ನಮ್ಮ ಮನಿಗೆ ಬರತೈತಿ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಮದುವೆಗೆ ಮೊಸರು ಬಹಳ ಬೇಕು. ಅತ್ತೆ ಊದಿದ ಮೊಣಕಾಲು ಎಳೆದುಕೊಂಡು ಓಡಾಡುವುದನ್ನು ನೋಡಿ ಸೊಸೆಗೆ ಕರುಳು ಚುರುಕ್ಕೆಂದಿತು. ಹೊಸ ಗಡಿಗೆ ಪಳಗಿಸುವ ಕಷ್ಟ ಇವರಿಗೇಕೆ ಎಂದುಕೊಂಡಳು. ಗೆರೆ ಮುಗಿಯುತ್ತಾ ಬಂದ ಒಂದು ಒಳ್ಳೆಯ ಗಡಿಗೆಯನ್ನು ಆರಿಸಿ, ಅದರ ಕೊರಳಿಗೆ ತಾನೇ ಸುಣ್ಣದ ಗೆರೆಗಳನ್ನು ಬರೆದಳು. ಅವು ಮುಗಿದಾಗ ಮತ್ತೆ ಬರೆದಳು.

ಗಡಿಗೆ ಅವಳ ಮಾತು ಉಳಿಸಿತು. ಮೊಸರು ಮೊದಲಿಗಿಂತ ಗಟ್ಟಿಯಾಯಿತು. ಎಲ್ಲರೂ ಕಿರಿಯ ಸೊಸೆಯ ಕೈಗುಣ ಹೊಗಳಿದರು. ಅವಳಿಗೆ ಹಿಗ್ಗು. ಆದರೆ ಮಣ್ಣಿನ ಗಡಿಗೆ ಪಾಪ, ಅಷ್ಟು ದಿನ ಬಿಡುವಿಲ್ಲದೆ ದುಡಿದು, ಅದರ ಗೋಡೆಯೊಳಗೆ ಏನೇನೋ ಇಂಗಿತ್ತು. ಒಂದು ಬೆಳಿಗ್ಗೆ ಆ ಮೊಸರು ಬೇರೆಯೇ ಆಯಿತು. ಹಾಲು ಹಾಕುವುದೇ ತಡ, ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ಮೇಲೂ ನಿಲ್ಲದೆ ಉಬ್ಬಿ, ಅಂಚು ದಾಟಿ, ಪಕ್ಕದ ಗಡಿಗೆಗೆ ಇಳಿಯಿತು. ಸೊಸೆ ಹೆದರಲಿಲ್ಲ. ಹೊಳೆಮನೆಯಲ್ಲಿ ಬೇಗ ಆದದ್ದೆಲ್ಲ ಒಳ್ಳೆಯದೇ ಆಗಿತ್ತು. "ಏನ್ ಹುರುಪು ಇದರದು!" ಎಂದು ಅದರ ಹೆಪ್ಪನ್ನೇ ಸಾಲಿಗೆಲ್ಲ ಹಾಕಿದಳು. ಮೂಸುವವರ ಮೂಗಿನ ತುಂಬ ಮದುವೆಯ ಕರಿದ ತಿಂಡಿಯ ವಾಸನೆ. ಒಬ್ಬರಿಗೂ ಗೊತ್ತಾಗಲಿಲ್ಲ.

ಮದುವೆಯ ದಿನ ತಾಳಿ ಕಟ್ಟಿಯಾಯಿತು. ಜನ ಊಟಕ್ಕೆ ಕೂತರು. ಅತ್ತೆ ಮೊಸರಿನ ಕೋಣೆಗೆ ಹೋಗಿ ಸೌಟು ಅದ್ದಿ ಎತ್ತಿದಳು. ಮೊಸರು ಲೋಳೆಯಾಗಿ, ನೂಲಿನ ಹಾಗೆ ಸೌಟಿನಿಂದ ಗಡಿಗೆಯವರೆಗೆ ಇಳಿಬಿತ್ತು. ಪಕ್ಕದ ಗಡಿಗೆ ನೋಡಿದಳು. ಅದೂ ಹಾಗೇ. ಈ ಗೋಡೆಯಿಂದ ಆ ಗೋಡೆಯವರೆಗೆ ಅದೇ. ಹೊರಗೆ ಮದುಮಗಳು ಹೆಪ್ಪಿನ ಕುಡಿಕೆ ತೊಳೆದಿಟ್ಟುಕೊಂಡು ಕಾಯುತ್ತಿದ್ದಳು. ಆ ಖಡಕ್ ಹೆಂಗಸಿನ ಮನೆಯ ಹಾಲಿಗೆ ಈ ಲೋಳೆ ಬಿದ್ದರೆ ಮಗಳ ಗತಿ ಏನು? ಅತ್ತೆ ಸೌಟನ್ನು ಗಡಿಗೆಗೇ ಬಿಟ್ಟು ಸೊಸೆಯರನ್ನು ಕೂಗಿದಳು.

ಸೊಸೆ ಓಡಿ ಬಂದು ಅವಳ ಕಾಲ ಬಳಿ ಕೂತು ಅತ್ತಳು. "ಅತ್ತೀ, ಸುಣ್ಣದ ಗೆರಿ ನಾನ ಬರದೀನಿ. ತಪ್ಪು ನಂದು. ನನ್ನ ತವರಿಗೆ ಕಳಿಸಿಬಿಡ್ರಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯನ್ನು ಎಬ್ಬಿಸಿದಳು. ಆಮೇಲೆ ಗಟ್ಟಿ ದನಿಯಲ್ಲಿ ಕೇಳಿದಳು: "ಹಿರೇಮಗಳು ಬುತ್ತಿ ತಂದಾಳಲ್ಲ, ಅದನ್ನ ಬಿಚ್ಚೀರೇನು?"

ಮದುವೆಯಾದ ಮಗಳು ತವರಿಗೆ ಬರುವಾಗ ಬುತ್ತಿ ಕಟ್ಟಿಕೊಂಡು ಬರುವುದು ಅಲ್ಲಿಯ ರೂಢಿ. ರೊಟ್ಟಿ, ಚಟ್ನಿಪುಡಿ, ಜೊತೆಗೆ ಒಂದು ಕುಡಿಕೆ ಮೊಸರು. ಹಿರಿಯ ಮಗಳ ಬುತ್ತಿಯನ್ನು ಮದುವೆಯ ಗದ್ದಲದಲ್ಲಿ ಯಾರೂ ಮುಟ್ಟಿರಲಿಲ್ಲ. ಬಿಚ್ಚಿದರು. ಕುಡಿಕೆಯಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಘಮ್ಮೆನ್ನುವ ಮೊಸರು. ಮನೆಯ ಹೆಂಗಸರೆಲ್ಲ ಸರದಿಯಲ್ಲಿ ಮೂಸಿದರು. ಒಂದು ಮೂಗೂ ತಕರಾರು ತೆಗೆಯಲಿಲ್ಲ. ಅವಳು ಮದುವೆಯಾಗಿ ಹೋಗುವಾಗ ಒಯ್ದ ಹೆಪ್ಪು, ಅಲ್ಲಿ ಗೆರೆ ತಪ್ಪದೆ ಸಾಗಿಬಂದು, ತಂಗಿಯ ಕುಡಿಕೆ ಸೇರಿತು.

ಆಮೇಲೆ ನೋಡಬೇಕಿತ್ತು ಆ ಮನೆಯನ್ನು. ಅಜ್ಜಂದಿರು, ಅಳಿಯಂದಿರು, ಸೊಸೆಯಂದಿರು, ಅಂಗಳದ ಮಕ್ಕಳು, ಎಲ್ಲರೂ ಒಂದೊಂದು ಗಡಿಗೆ ಹೊತ್ತು ತಿಪ್ಪೆಯ ಕಡೆ ಹೊರಟರು. ವಾಲಗದವರು ಇದೂ ಮದುವೆಯ ಶಾಸ್ತ್ರವಿರಬೇಕೆಂದು ಹಿಂದೆಯೇ ಬಾರಿಸುತ್ತಾ ಬಂದರು. ಬೀಗರ ಕಡೆಯ ಗಂಡಸರೂ ನಾವೇಕೆ ಹಿಂದೆ ಬೀಳಬೇಕೆಂದು ಗಡಿಗೆ ಎತ್ತಿಕೊಂಡರು. ಬೀಗಿತ್ತಿಯ ರೇಷ್ಮೆ ಸೀರೆಯ ಮೇಲೆ ಲೋಳೆ ಚೆಲ್ಲಿತು. ವಾಲಗದವರೂ ಬಾರಿಸುವುದನ್ನು ನಿಲ್ಲಿಸಿದರು. ಅವಳು ಸೀರೆ ನೋಡಿಕೊಂಡು, ದೊಡ್ಡಮನೆಯ ಕಿರಿಯ ಸೊಸೆಯ ಅತ್ತ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮದುವೆಯಲ್ಲಿ ಮೊಸರಿನ ಬದಲು ಎರಡನೆಯ ಸಲವೂ ಪಾಯಸ ಬಡಿಸಿದರು. ಯಾರೂ ಬೇಡ ಎನ್ನಲಿಲ್ಲ.

ಮದುಮಗಳನ್ನು ಕಳಿಸಿದ ಮೇಲೆ ಸೊಸೆ ತನ್ನ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಅತ್ತೆ ಗಂಟನ್ನು ಕಿತ್ತುಕೊಂಡಳು. "ನಿನ್ನ ಕಳಿಸಿದ್ರ ಹಿತ್ತಲಾ ಯಾರು ಹಸನ ಮಾಡಬೇಕು? ನಿಮ್ಮ ಮಾವನೇನು?"

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಲ್ಲಿಂದ ಮುಂದೆ ಅವಳು ಗೆರೆ ಬರೆಯುವುದನ್ನು ಬಿಟ್ಟು ಹಿತ್ತಲು ಗುಡಿಸುವುದನ್ನು ಹಿಡಿದಳು. ಗೋಡೆಗೆ ಆಸರೆಯಾದ ಗಡಿಗೆಗಳನ್ನು ಹಾಗೇ ಬಿಟ್ಟಳು. ನೀರು ಹಿಡಿದು ಕೊಳೆಯುತ್ತಿದ್ದವನ್ನು ಮಾತ್ರ ಒಡೆದು, ಚೂರುಗಳನ್ನು ಬಚ್ಚಲ ನೀರು ಹರಿಯುವಲ್ಲಿ ಹಾಸಿದಳು. ಸೊಳ್ಳೆ ಹೋಯಿತು, ಜ್ವರ ಹೋಯಿತು. ಅತ್ತೆಯ ಮೊಣಕಾಲಿನ ಊತ ಇಳಿಯಿತು. ಆಕೆ ತಾನೇ ಬುತ್ತಿ ಕಟ್ಟಿಕೊಂಡು ನಡೆದು ಕಿರಿಯ ಮಗಳ ಮನೆಗೆ ಹೋಗಿ, ಬೀಗಿತ್ತಿಯ ಜೊತೆ ಜಗಳವಾಡಿ, ಕೂಡಿ ಉಂಡು ಬರುವಷ್ಟು ಗಟ್ಟಿಯಾದಳು. ಮೊಮ್ಮಕ್ಕಳನ್ನು ಎತ್ತಿದಳು, ಮರಿಮಕ್ಕಳ ಕೈಯಲ್ಲಿ ಕೂದಲು ಎಳೆಸಿಕೊಂಡಳು. ಮೂಸುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನೀಲಗಂಗಾ ನಗುತ್ತಿದ್ದಳು. ತಿಪ್ಪೆಯ ಮೆರವಣಿಗೆ ಅವಳಿಗೆ ಕಣ್ಣಿಗೆ ಕಟ್ಟಿತ್ತು. ಲೋಳೆಯಂಥ ಕ್ಯಾನ್ಸರಿಗೆ ದಾರಿ ಬಿಡುವ, ಬೀಗ ತೆಗೆಯುವ ಔಷಧಿಯ ಬದಲು, ಮುಪ್ಪಾಗಿ ಮೈಯಲ್ಲೇ ಬಿದ್ದು ಕೆಡುಕು ಮಾಡುವ ಕೋಶಗಳನ್ನು ತೆಗೆಯುವ, ಹಿತ್ತಲು ಗುಡಿಸುವ ಔಷಧಿಯನ್ನು ಹುಡುಕಬೇಕೆಂದು ಅವಳಿಗೆ ಹೊಳೆದಿತ್ತು. ನಗರಕ್ಕೆ ಮರಳಿದ ಕೂಡಲೇ ಶುರು ಮಾಡುವುದಾಗಿ ಹೇಳಿದಳು. ಗುರುಗಳು ತಲೆದೂಗಿದರು. ಆದರೂ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅವರ ನರೆತ ಗಡ್ಡವನ್ನೇ ನೋಡುತ್ತಾ ಕೇಳಿದಳು:

"ಅಷ್ಟೆಲ್ಲ ಕಾವಲಿದ್ದೂ, ಅಷ್ಟೆಲ್ಲ ಗುಡಿಸಿಯೂ, ಕೊನೆಗೆ ಅತ್ತೆಗೆ ಮುಪ್ಪು ಬಂತಲ್ಲ, ಗುರುಗಳೇ?"

"ಬಂತು ಮಗಳೇ," ಎಂದರು ಗುರುಗಳು. "ಹೊಳೆಮನೆಯಲ್ಲಿ ಮುಪ್ಪು ಬರುವ ತನಕ ಯಾರೂ ಉಳಿದಿರಲಿಲ್ಲ."